ವಲಿಯಪರಂಬ ದ್ವೀಪ: ಬೋಟಿನಲ್ಲಿ ಹೋಗಿ, ಸೇತುವೆಯಲ್ಲಿ ಬನ್ನಿ

ರಜೆ ಹತ್ತಿರ ಬಂತೆಂದರೆ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯವರು ನನ್ನಲ್ಲಿ ಕೇಳುವ ಪ್ರಶ್ನೆಗಳು ಮೂರೇ. ವಲಿಯಪರಂಬಕ್ಕೆ ಹೋಗುವುದು ಹೇಗೆ? ಹೌಸ್‌ಬೋಟ್ ಮಾಡಲೇಬೇಕಾ? ಒಂದು ದಿನ ಸಾಕಾ? ಚಿಕ್ಕ ಉತ್ತರ: ರೈಲಿನಲ್ಲಿ, ಬೇಡ, ಸಾಕು. ಆದರೆ ಇಷ್ಟು ಕೇಳಿಕೊಂಡು ಹೋದವರಲ್ಲಿ ಅರ್ಧ ಜನ ಮಧ್ಯಾಹ್ನ ಹನ್ನೆರಡಕ್ಕೆ ಕಡವಿಗೆ ತಲುಪಿ, ಬೋಟಿಲ್ಲದೆ ಬಿಸಿಲಲ್ಲಿ ಕೂತು, ವಾಪಸ್ ಬಂದಿದ್ದಾರೆ. ಹಾಗಾಗಿ ಈ ಸಲ ಹಂತ ಹಂತವಾಗಿ ಬರೆದಿದ್ದೇನೆ.

ಜಾಗ ಎಲ್ಲಿ ಎಂಬುದು ಮೊದಲು ಗೊತ್ತಿರಲಿ. ಕಾಸರಗೋಡು ಜಿಲ್ಲೆಯ ದಕ್ಷಿಣ ತುದಿ, ಹೊಸದುರ್ಗ ತಾಲೂಕು. ಅರಬ್ಬಿ ಸಮುದ್ರಕ್ಕೂ ಕವ್ವಾಯಿ ಹಿನ್ನೀರಿಗೂ ನಡುವೆ ಉದ್ದಕ್ಕೆ ಮಲಗಿದ ಮರಳಿನ ಪಟ್ಟಿ ಇದು. ಸುಮಾರು 24 ಕಿಲೋಮೀಟರ್ ಉದ್ದ. ಅಗಲ ಮಾತ್ರ ಹೇಳಿಕೊಳ್ಳುವಷ್ಟಿಲ್ಲ. ಕೆಲವು ಕಡೆ ರಸ್ತೆಯಲ್ಲಿ ನಿಂತರೆ ಎಡಗಡೆ ಹಿನ್ನೀರು, ಬಲಗಡೆ ಸಮುದ್ರ, ನಡುವೆ ನಾಲ್ಕು ತೆಂಗಿನ ಮರ. ‘ವಲಿಯ’ ಅಂದರೆ ದೊಡ್ಡ, ‘ಪರಂಬ’ ಅಂದರೆ ಹಿತ್ತಲು. ಹೆಸರಲ್ಲಿ ಮಾತ್ರ ದೊಡ್ಡ ಹಿತ್ತಲು.

ಅಲ್ಲಿ ಕಿವಿಗೆ ಬೀಳುವ ಕೆಲವು ಮಾತು ಗೊತ್ತಿದ್ದರೆ ಕೆಲಸ ಸುಲಭ. ‘ಕಾಯಲ್’ ಅಂದರೆ ಹಿನ್ನೀರು. ‘ಕಡವು’ ನಮ್ಮದೇ ಕಡವು, ದೋಣಿ ಹತ್ತುವ ಜಾಗ. ‘ಕಡಪ್ಪುರಂ’ ಸಮುದ್ರದ ಕರೆ. ‘ತುರುತ್ತಿ’ ಅಂದರೆ ನಾವು ಕುದ್ರು ಅನ್ನುವುದು, ನೀರಿನ ನಡುವಿನ ನಡುಗಡ್ಡೆ. ‘ಅಝಿ’ ಅಂದರೆ ಅಳಿವೆ, ಹೊಳೆ ಸಮುದ್ರ ಸೇರುವ ಬಾಯಿ. ‘ಅಕ್ಕರೆ’ ಆಚೆ ದಡ, ‘ಇಕ್ಕರೆ’ ಈಚೆ ದಡ. ಚಂದ್ರಗಿರಿ ಹೊಳೆ ದಾಟಿ ದಕ್ಷಿಣಕ್ಕೆ ಹೋದ ಹಾಗೆ ಕನ್ನಡದ ಬೋರ್ಡು ಕಮ್ಮಿಯಾಗುತ್ತಾ ಹೋಗುತ್ತದೆ, ಹೊಸದುರ್ಗ ಕಳೆದ ಮೇಲೆ ಅಪರೂಪ. ಮಲಯಾಳ ಓದಲು ಬಾರದವರು ಊರಿನ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮೊಬೈಲನ್ನೇ ನಂಬಿ ಕೂರಬೇಡಿ.

1. ತಿಂಗಳು ಮತ್ತು ದಿನ ಆರಿಸುವುದು

ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಾರ್ಚ್ ಕಳೆದರೆ ಸೆಕೆ ತಡೆಯಲಾಗುವುದಿಲ್ಲ, ಮರಳಿನಲ್ಲಿ ಚಪ್ಪಲಿ ಬಿಟ್ಟು ನಡೆಯಲೂ ಆಗದು. ಆದರೆ ಪಚ್ಚಿಲೆ (ಬಂಡೆಗೆ ಅಂಟಿ ಬೆಳೆಯುವ ಚಿಪ್ಪುಮೀನು) ತಿನ್ನಬೇಕು, ಕೊಯ್ಲು ನೋಡಬೇಕು ಅನ್ನುವವರು ಏಪ್ರಿಲ್-ಮೇ ತಿಂಗಳಲ್ಲೇ ಹೋಗಬೇಕು. ಅದರ ಕಥೆ ಮುಂದೆ ಹೇಳುತ್ತೇನೆ.

ಜೂನ್-ಜುಲೈ ಬೇಡವೇ ಬೇಡ. ಕಡಲು ಒರಟು, ಕಾಯಲಿನಲ್ಲೂ ಗಾಳಿ. ಬಂದರು ನೋಡೋಣ ಅಂದರೆ ಅದೂ ಖಾಲಿ. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ, ಒಟ್ಟು 52 ದಿನ, ಟ್ರಾಲಿಂಗ್ ನಿಷೇಧ ಇರುತ್ತದೆ. ಟ್ರಾಲಿಂಗ್ ಅಂದರೆ ಯಂತ್ರದ ಬೋಟಿನಿಂದ ಕಡಲ ತಳಕ್ಕೆ ಬಲೆ ಎಳೆದು ಮೀನು ಹಿಡಿಯುವುದು. ಆಗ ದೊಡ್ಡ ಬೋಟುಗಳೆಲ್ಲ ಕಟ್ಟಿ ಹಾಕಿರುತ್ತವೆ.

ವಾರದ ದಿನಗಳಲ್ಲಿ ಬುಧವಾರ, ಗುರುವಾರ ಒಳ್ಳೆಯದು. ಭಾನುವಾರ ಹೌಸ್‌ಬೋಟುಗಳ ಹಾಡಿನ ಗದ್ದಲ ಜಾಸ್ತಿ. ಹರತಾಳ ಉಂಟಾ ಎಂದು ಹಿಂದಿನ ರಾತ್ರಿ ನೋಡಿಕೊಳ್ಳಿ. ಕಾಸರಗೋಡಿನವರಿಗೆ ಇದನ್ನು ಹೇಳಬೇಕಾಗಿಲ್ಲ, ಪುತ್ತೂರು-ಸುಳ್ಯದಿಂದ ಬರುವ ನೆಂಟರಿಗೆ ಹೇಳಿ.

2. ನೀರಿನ ಹೊತ್ತು ತಿಳಿದುಕೊಳ್ಳುವುದು

ಇದನ್ನು ಯಾರೂ ಮಾಡುವುದಿಲ್ಲ. ಇಡೀ ದಿನ ಹಾಳಾಗುವುದೂ ಇದರಿಂದಲೇ.

ಕಾಯಲ್ ಆಳವಿಲ್ಲದ ನೀರು. ಸಮುದ್ರದ ಉಬ್ಬರ-ಇಳಿತ ಒಳಗೂ ಬರುತ್ತದೆ. ಉಬ್ಬರಕ್ಕೆ ಅಲ್ಲಿಯವರು ‘ವೇಲಿಯೇಟ್ಟಂ’ ಅನ್ನುತ್ತಾರೆ, ಇಳಿತಕ್ಕೆ ‘ವೇಲಿಯಿರಕ್ಕಂ’. ನೀರು ಸುಮಾರು ಆರು ಗಂಟೆ ಏರುತ್ತದೆ, ಮತ್ತೆ ಆರು ಗಂಟೆ ಇಳಿಯುತ್ತದೆ. ದಿನ ಹೋದಂತೆ ಈ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಜಾರುತ್ತದೆ. ಇವತ್ತು ಬೆಳಿಗ್ಗೆ ಎಂಟಕ್ಕೆ ತುಂಬಿದ ನೀರು ನಾಳೆ ತುಂಬುವುದು ಒಂಬತ್ತರ ಹತ್ತಿರ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಏರಿಳಿತ ಎರಡೂ ಜೋರು.

ನಿಮಗೆ ಇದರಿಂದ ಏನು ಅಲ್ವಾ? ದೋಣಿ ಸವಾರಿ, ಕಯಾಕಿಂಗ್ ಬೇಕಿದ್ದರೆ ನೀರು ತುಂಬುವ ಹೊತ್ತು ಬೇಕು. ಇಳಿದ ನೀರಿನಲ್ಲಿ ಸಣ್ಣ ದೋಣಿ ಮರಳು ದಿಬ್ಬಕ್ಕೆ ತಾಗಿ ನಿಲ್ಲುತ್ತದೆ, ಆಮೇಲೆ ಇಳಿದು ತಳ್ಳುವ ಕೆಲಸ ನಿಮ್ಮದೇ. ಪಚ್ಚಿಲೆ ಕೃಷಿ ಹತ್ತಿರದಿಂದ ನೋಡಬೇಕಿದ್ದರೆ ಇಳಿತವೇ ಒಳ್ಳೆಯದು, ಬಿದಿರಿನ ಚಪ್ಪರ ಪೂರ್ತಿ ಕಾಣುತ್ತದೆ. ಉಬ್ಬರದ ಹೊತ್ತನ್ನು ಮೊಬೈಲಿನಲ್ಲಿ ನೋಡಬಹುದು, ಅದಕ್ಕಿಂತ ನಂಬಿಕೆ ಬೇಕಿದ್ದರೆ ಕುಂಬಳೆಯಲ್ಲೋ ಮೊಗ್ರಾಲಿನಲ್ಲೋ ಯಾರಾದರೂ ಮೀನುಗಾರರನ್ನು ಕೇಳಿ. ಅವರಿಗೆ ಕ್ಯಾಲೆಂಡರ್ ಬೇಡ.

3. ರೈಲು ಮತ್ತು ಸ್ಟೇಷನ್

ಮೂರು ಸ್ಟೇಷನ್‌ಗಳಲ್ಲಿ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಚೆರುವತ್ತೂರು ದ್ವೀಪದ ಉತ್ತರ ಭಾಗಕ್ಕೆ ಹತ್ತಿರ. ತೃಕ್ಕರಿಪುರ ನಡುಭಾಗಕ್ಕೆ, ಅಂದರೆ ಬೋಟು ಹತ್ತುವವರಿಗೆ. ಪಯ್ಯನ್ನೂರು ದಕ್ಷಿಣಕ್ಕೆ, ಅದು ಕಣ್ಣೂರು ಜಿಲ್ಲೆ. ರೈಲ್ವೆಯವರ ಪಟ್ಟಿಯಲ್ಲಿ ಚೆರುವತ್ತೂರಿನ ಹೆಸರು ‘ಚಾರ್ವತ್ತೂರ್’ ಎಂದಿದೆ, ಹುಡುಕುವಾಗ ಸಿಗದಿದ್ದರೆ ಗಾಬರಿ ಬೇಡ.

ಬೆಳಗಿನ ಮಂಗಳೂರು-ಕಣ್ಣೂರು ಕಡೆಯ ಪ್ಯಾಸೆಂಜರ್ ಹಿಡಿಯಿರಿ. ಇದು ಸಣ್ಣ ಸ್ಟೇಷನ್‌ಗಳಲ್ಲೂ ನಿಲ್ಲುತ್ತದೆ. ಎಕ್ಸ್‌ಪ್ರೆಸ್ ರೈಲುಗಳೆಲ್ಲ ತೃಕ್ಕರಿಪುರದಲ್ಲಿ ನಿಲ್ಲುವುದಿಲ್ಲ. ಹತ್ತುವ ಮೊದಲು ನೋಡಿಕೊಳ್ಳದೆ ಕೂತವರು ಪಯ್ಯನ್ನೂರಿನಲ್ಲಿ ಇಳಿಯುತ್ತಾರೆ. ಹಾಗಾದರೂ ತೊಂದರೆಯಿಲ್ಲ, ಅಲ್ಲಿಂದ ಕವ್ವಾಯಿ ಮೊದಲು ನೋಡಿ, ಆಮೇಲೆ ಉತ್ತರಕ್ಕೆ ಬನ್ನಿ.

ಕಾರಿನಲ್ಲಿ ಹೋಗುವವರಿಗೆ ಒಂದು ಮಾತು. ಚೆರುವತ್ತೂರಿನ ಹತ್ತಿರ ವೀರಮಲೆ ಗುಡ್ಡದ ಬದಿಯಿಂದ ಹೆದ್ದಾರಿ ಹೋಗುತ್ತದೆ. 2025ರ ಮಳೆಗಾಲದಲ್ಲಿ ಆ ಗುಡ್ಡ ರಸ್ತೆಗೆ ಕುಸಿದಿತ್ತು. ಜೋರು ಮಳೆಯ ದಿನ ಆ ದಾರಿ ಬೇಡ.

4. ಆಯಿಟ್ಟಿ ಕಡವಿನಿಂದ ಸರ್ಕಾರಿ ಬೋಟು

ತೃಕ್ಕರಿಪುರ ಸ್ಟೇಷನ್ ಹೊರಗೆ ಆಟೋ ಸಿಗುತ್ತದೆ. “ಆಯಿಟ್ಟಿ ಬೋಟ್ ಜೆಟ್ಟಿ” ಅಂದರೆ ಸಾಕು. ಅಲ್ಲಿಂದ ಕೇರಳ ಜಲಸಾರಿಗೆ ಇಲಾಖೆಯ ಬೋಟುಗಳು ಹೊರಡುತ್ತವೆ. ಇದು ಪ್ರವಾಸಿಗರ ಬೋಟಲ್ಲ, ನೀರಿನ ಮೇಲೆ ಓಡುವ ಲೈನ್ ಬಸ್ಸು. ಮೀನಿನ ಬುಟ್ಟಿ, ಶಾಲೆಯ ಚೀಲ, ಅಕ್ಕಿ ಮೂಟೆ ಎಲ್ಲ ಅದರಲ್ಲೇ ಹೋಗುತ್ತವೆ. ಟಿಕೆಟ್ಟೂ ಬಸ್ಸಿನಷ್ಟೇ. ಚಿಲ್ಲರೆ ಇಟ್ಟುಕೊಳ್ಳಿ.

ಬೋಟು ಬಸ್ಸಿನ ಹಾಗೆ ಹತ್ತು ನಿಮಿಷಕ್ಕೊಂದು ಬರುವುದಿಲ್ಲ. ಹಾಗಾಗಿ ಕಡವಿಗೆ ಇಳಿದ ಕೂಡಲೇ ಎರಡು ಪ್ರಶ್ನೆ ಕೇಳಿ. ಒಂದು, “ಅಡುತ್ತ ಬೋಟ್ ಎಪ್ಪೋಳಾ?” ಮುಂದಿನ ಬೋಟು ಯಾವಾಗ ಎಂದು. ಎರಡು, “ಅವಸಾನತ್ತೆ ಬೋಟ್ ಎತ್ರ ಮಣಿಕ್ಕಾ?” ಕೊನೆಯ ಬೋಟು ಎಷ್ಟು ಗಂಟೆಗೆ ಎಂದು. ಎರಡನೆಯದೇ ಮುಖ್ಯ. ಇದನ್ನು ಗೋಡೆಯ ಮೇಲಿನ ಹಳೆ ಪಟ್ಟಿ ನೋಡಿ ತಿಳಿದುಕೊಳ್ಳಬೇಡಿ, ಬೋಟಿನ ಸಿಬ್ಬಂದಿಯ ಬಾಯಿಂದಲೇ ಕೇಳಿ. ನಾನು ಒಮ್ಮೆ ಗೋಡೆಯನ್ನು ನಂಬಿ ಆಚೆ ದಡದಲ್ಲಿ ಕತ್ತಲಾಗುವವರೆಗೆ ಕೂತಿದ್ದೆ. ಕೊನೆಗೆ ಒಬ್ಬ ಆಟೋದವರು ಸೇತುವೆ ಸುತ್ತಿಸಿ ಚೆರುವತ್ತೂರಿಗೆ ಬಿಟ್ಟರು. ಆಗಲೇ ನನಗೆ ತಲೆಬರಹದ ಉಪಾಯ ಹೊಳೆದದ್ದು.

ಬೋಟಿನಲ್ಲಿ ಕಿಟಕಿ ಪಕ್ಕ ಕೂತರೆ ಕಾಯಲ್ ಚೆನ್ನಾಗಿ ಕಾಣುತ್ತದೆ. ದಕ್ಷಿಣಕ್ಕೆ ಕಾಣುವ ದೊಡ್ಡ ಬೆಟ್ಟ ಏಳಿಮಲೆ. ಹಳೆಯ ಕಾಲದ ಪ್ರವಾಸಿ ಇಬ್ನ್ ಬತೂತ ‘ಹಿಲಿ’ ಎಂದು ಬರೆದ ಬಂದರು ಇದರ ಬುಡದ್ದು. ಈಗ ಅಲ್ಲಿ ನೌಕಾಪಡೆಯ ಅಕಾಡೆಮಿ ಉಂಟು, 2009ರಲ್ಲಿ ಉದ್ಘಾಟನೆಯಾದದ್ದು. ಅನುಮತಿ ಇಲ್ಲದೆ ಒಳಗೆ ಬಿಡುವುದಿಲ್ಲ. ಡ್ರೋನ್ ತಂದವರು ಅದನ್ನು ಚೀಲದಲ್ಲೇ ಇಡಿ.

5. ದ್ವೀಪದಲ್ಲಿ ಇಳಿದ ಮೇಲೆ

ಇಳಿದ ಕೂಡಲೇ “ನೋಡುವ ಸ್ಪಾಟ್ ಎಲ್ಲಿ?” ಎಂದು ಕೇಳಬೇಡಿ. ಸ್ಪಾಟ್ ಎಂಬುದು ಇಲ್ಲಿಲ್ಲ. ಕಾಯಲ್ ಬದಿಯಿಂದ ಸಮುದ್ರದ ಬದಿಗೆ ನಡೆಯಿರಿ, ಹಲವು ಕಡೆ ಐದು-ಹತ್ತು ನಿಮಿಷವೂ ಬೇಡ. ಕಾಯಲ್ ಬದಿಯಲ್ಲಿ ಗಾಳಿಯೇ ಇಲ್ಲ, ನೀರು ತಟ್ಟೆಯಲ್ಲಿಟ್ಟ ಹಾಗೆ. ಎರಡು ಸಾಲು ತೆಂಗು, ನಾಲ್ಕು ಮನೆ, ಒಂದು ಒಣಹಾಕಿದ ಬಲೆ ದಾಟಿದರೆ ಕಿವಿ ತುಂಬ ಅಲೆಯ ಸದ್ದು. ನನಗೆ ಈ ಹತ್ತು ನಿಮಿಷವೇ ಸಾಕು, ಉಳಿದದ್ದು ಹೆಚ್ಚುವರಿ.

ಆಮೇಲೆ ದ್ವೀಪದ ಉದ್ದಕ್ಕೂ ಹೋಗುವ ರಸ್ತೆಯಲ್ಲಿ ಉತ್ತರಕ್ಕೆ ನಡೆಯಿರಿ, ಸುಸ್ತಾದ ಕಡೆ ಆಟೋ ಅಥವಾ ಬಸ್ಸು ಹಿಡಿಯಿರಿ. ಮನೆಗಳ ಹಿತ್ತಲು ದಾಟಿ ಹೋಗುವಾಗ ಒಂದು ಮಾತು ಕೇಳಿ ಹೋಗಿ. ಒಣಗಲು ಹಾಕಿದ ಮೀನು, ಬಲೆ ದಾಟಿ ಫೋಟೋ ತೆಗೆಯುವುದು ಬೇಡ, ಅದು ಅವರ ಅಂಗಳ.

ಸಮುದ್ರದಲ್ಲಿ ಇಳಿಯುವ ಬಗ್ಗೆ: ಕಾಲು ತೊಳೆಯಿರಿ, ಮೊಣಕಾಲಿಗಿಂತ ಮೇಲೆ ಬೇಡ. ಇಲ್ಲಿ ಮಲ್ಪೆ, ಪಣಂಬೂರಿನ ಹಾಗೆ ಸೀಟಿ ಊದಿ ಕರೆಯುವವರನ್ನು ನಂಬಿ ಇಳಿಯುವಂತಿಲ್ಲ. ಅಳಿವೆ ಬಾಯಿಯ ಹತ್ತಿರವಂತೂ ಹೋಗಲೇಬೇಡಿ. ನೀರು ಇಳಿಯುವ ಹೊತ್ತಿಗೆ ಇಡೀ ಕಾಯಲ್ ಆ ಬಾಯಿಯಿಂದ ಹೊರಗೆ ನುಗ್ಗುತ್ತದೆ, ಮೇಲಿನಿಂದ ನೋಡಿದರೆ ಸುಮ್ನೆ ಇದ್ದ ಹಾಗೆ ಕಾಣುತ್ತದೆ.

ಚಳಿಗಾಲದ ರಾತ್ರಿ ಉಳಿಯುವವರು ಕಡಲಕರೆಯಲ್ಲಿ ಟಾರ್ಚ್ ಹಾಕಿ ಓಡಾಡಬೇಡಿ. ಈ ಕರಾವಳಿಯಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಬೆಳಕು ಕಂಡರೆ ತಿರುಗಿ ಹೋಗುತ್ತವೆ.

6. ಪಚ್ಚಿಲೆ: ನೋಡುವುದು, ಕೊಳ್ಳುವುದು, ತಿನ್ನುವುದು

ಪಡನ್ನ ಬದಿಯ ಕಾಯಲಿನಲ್ಲಿ ನೀರಿನ ಮೇಲೆ ಬಿದಿರಿನ ಚಪ್ಪರಗಳು ಕಾಣುತ್ತವೆ. ಅದು ಪಚ್ಚಿಲೆ ಕೃಷಿ. ಮಲಯಾಳದಲ್ಲಿ ‘ಕಲ್ಲುಮ್ಮಕ್ಕಾಯ’ ಅಥವಾ ‘ಕಡುಕ್ಕ’. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು 1990ರ ದಶಕದ ನಡುವೆ ಇಲ್ಲಿಗೆ ಇದನ್ನು ತಂದರು. ಹಿಡಿದು ಮುಂದೆ ತಂದವರು ಹೆಚ್ಚಾಗಿ ಹೆಂಗಸರ ಸ್ವಸಹಾಯ ಗುಂಪುಗಳು.

ಕೆಲಸ ಹೀಗೆ. ನವೆಂಬರ್-ಡಿಸೆಂಬರಿನಲ್ಲಿ ಕಡಲ ಬಂಡೆಗಳಿಂದ ಹೆಬ್ಬೆರಳ ಉಗುರಿನಷ್ಟು ಸಣ್ಣ ಪಚ್ಚಿಲೆ ಮರಿ ತರುತ್ತಾರೆ. ಅವನ್ನು ಒಂದು ಹಗ್ಗದ ಸುತ್ತ ಹರಡಿ, ಮೇಲಿನಿಂದ ಹತ್ತಿಯ ಬಲೆಬಟ್ಟೆ ಸುತ್ತಿ ಹೊಲಿಯುತ್ತಾರೆ, ಗಾಯಕ್ಕೆ ಬ್ಯಾಂಡೇಜ್ ಕಟ್ಟಿದ ಹಾಗೆ. ಹಗ್ಗವನ್ನು ಚಪ್ಪರದಿಂದ ನೀರಿಗೆ ಇಳಿಬಿಡುತ್ತಾರೆ. ಕೆಲವು ದಿನದಲ್ಲಿ ಹತ್ತಿ ಬಟ್ಟೆ ಕೊಳೆತು ಹೋಗುತ್ತದೆ, ಅಷ್ಟರಲ್ಲಿ ಮರಿಗಳು ತಮ್ಮದೇ ನಾರು ಬಿಟ್ಟು ಹಗ್ಗಕ್ಕೆ ಅಂಟಿಕೊಂಡಿರುತ್ತವೆ. ಮೇವು ಹಾಕುವುದು ಎಂಬುದೇ ಇಲ್ಲ, ನೀರನ್ನು ಸೋಸಿ ತಿಂದು ಬೆಳೆಯುತ್ತವೆ. ಐದಾರು ತಿಂಗಳಲ್ಲಿ ಹಗ್ಗ ಕೈಗೆ ಸಿಗದಷ್ಟು ದಪ್ಪ. ಮಳೆ ಬಿದ್ದು ಕಾಯಲಿಗೆ ಸಿಹಿನೀರು ನುಗ್ಗಿದರೆ ಎಲ್ಲ ಸಾಯುತ್ತವೆ. ಹಾಗಾಗಿ ಮುಂಗಾರಿಗೆ ಮೊದಲೇ ಕೊಯ್ಲು ಮುಗಿಯಬೇಕು. ಮೇ ತಿಂಗಳಲ್ಲಿ ಈ ಕಡೆ ಅಡಿಕೆ ಅಂಗಳದಲ್ಲಿ ಮಳೆಮೋಡ ನೋಡಿ ಓಡಾಡುತ್ತೇವಲ್ಲ, ಅಲ್ಲಿ ಪಚ್ಚಿಲೆಗೂ ಅದೇ ಧಾವಂತ.

ಕೊಳ್ಳುವಾಗ ಚಿಪ್ಪು ಮುಚ್ಚಿದ್ದು ಮಾತ್ರ ತೆಗೆದುಕೊಳ್ಳಿ. ಸ್ವಲ್ಪ ಬಾಯಿ ಬಿಟ್ಟಿದ್ದರೆ ಬೆರಳಿನಿಂದ ಕುಟ್ಟಿ, ಮುಚ್ಚಿಕೊಂಡರೆ ಜೀವ ಉಂಟು, ಮುಚ್ಚದಿದ್ದರೆ ಬಿಸಾಡಿ. ಬೇಯಿಸಿದ ಮೇಲೆ ತೆರೆಯದಿದ್ದರೂ ಬಿಸಾಡಿ. ಪಕ್ಕದಿಂದ ಇಣುಕುವ ನಾರಿನ ‘ಗಡ್ಡ’ವನ್ನು ಅಡುಗೆಗೆ ಮೊದಲು ಎಳೆದು ತೆಗೆಯಬೇಕು. ಚಪ್ಪರದ ಹತ್ತಿರ ನೀರಿಗೆ ಇಳಿಯುವವರು ಚಪ್ಪಲಿ ಹಾಕಿಕೊಂಡೇ ಇಳಿಯಿರಿ. ಚಿಪ್ಪಿನ ಅಂಚು ಬ್ಲೇಡಿನ ಹಾಗೆ ಕುಯ್ಯುತ್ತದೆ.

ತಿನ್ನಲು ‘ಅರಿಕ್ಕಡುಕ್ಕ’ ಕೇಳಿ. ಹಸಿ ಪಚ್ಚಿಲೆಯ ಬಾಯಿ ಬಿಡಿಸಿ, ಅಕ್ಕಿ, ತೆಂಗಿನಕಾಯಿ, ಸಣ್ಣ ಈರುಳ್ಳಿ, ಬಡೆಸೊಪ್ಪು ಸೇರಿಸಿ ರುಬ್ಬಿದ ಹಿಟ್ಟು ತುಂಬಿಸಿ, ಹಬೆಯಲ್ಲಿ ಬೇಯಿಸುತ್ತಾರೆ. ಆಮೇಲೆ ಚಿಪ್ಪು ತೆಗೆದು, ಮೆಣಸಿನಪುಡಿ ಹಚ್ಚಿ ಎಣ್ಣೆಯಲ್ಲಿ ಕಾಯಿಸುತ್ತಾರೆ. ನಮ್ಮ ಪುಂಡಿಯ (ಅಕ್ಕಿ ಕಡುಬಿನ) ಹೊಟ್ಟೆಯೊಳಗೆ ಕಡಲು ಇಟ್ಟ ಹಾಗೆ. ಚಿಪ್ಪುಮೀನು ಮೈಗಾಗದವರು ರುಚಿ ನೋಡಲೂ ಹೋಗಬೇಡಿ.

ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಹೋಗಿ. ಇಲ್ಲದಿದ್ದರೆ ತೃಕ್ಕರಿಪುರ ಪೇಟೆಯಲ್ಲೇ ಗಟ್ಟಿಯಾಗಿ ತಿಂಡಿ ತಿಂದು ಹೊರಡಿ. ದ್ವೀಪದ ಸಣ್ಣ ಅಂಗಡಿಯಲ್ಲಿ ಚಹಾ, ಬಾಳೆಹಣ್ಣು ಸಿಗಬಹುದು, ಊಟಕ್ಕೆ ಅದನ್ನು ನಂಬಿ ಹೋಗಬೇಡಿ.

7. ಹೊತ್ತು ಉಳಿದರೆ: ಇಡಯಿಲೆಕ್ಕಾಡ್ ಅಥವಾ ಕವ್ವಾಯಿ, ಎರಡರಲ್ಲಿ ಒಂದು

ಎರಡೂ ಮಾಡಲು ಹೋಗಿ ಎರಡನ್ನೂ ಕೆಡಿಸಿಕೊಳ್ಳುವವರೇ ಜಾಸ್ತಿ.

ಇಡಯಿಲೆಕ್ಕಾಡ್ ಕಾಯಲಿನ ನಡುವಿನ ಸಣ್ಣ ಕುದ್ರು, ಬಂಡಿನ ಮೇಲಿನ ರಸ್ತೆಯಲ್ಲಿ ಹೋಗಬಹುದು. ಅಲ್ಲಿ ಒಂದು ಕಾವು ಉಂಟು, ಅಂದರೆ ನಮ್ಮ ನಾಗಬನದ ಹಾಗೆ ಕಡಿಯದೆ ಉಳಿಸಿದ ಕಾಡು. ತುಂಬ ಮಂಗಗಳಿವೆ. ಓಣದ ಮಾರನೆಯ ದಿನ, ಅವಿಟ್ಟಂ ದಿನ, ಊರಿನ ಮಕ್ಕಳು ಬಾಳೆಲೆ ಹಾಕಿ ಮಂಗಗಳಿಗೆ ಊಟ ಬಡಿಸುತ್ತಾರೆ. ಅನ್ನಕ್ಕೆ ಉಪ್ಪು ಹಾಕುವುದಿಲ್ಲ. ಬೇರೆ ದಿನ ಹೋದವರು ಚಿಪ್ಸ್, ಬಿಸ್ಕತ್ತು ಕೈಯಲ್ಲಿ ಹಿಡಿದು ಹೋಗಬೇಡಿ, ಕಿತ್ತುಕೊಳ್ಳುತ್ತವೆ.

ಕವ್ವಾಯಿ ಪಯ್ಯನ್ನೂರಿನ ಪಕ್ಕದ ಪುಟ್ಟ ದ್ವೀಪ. ಬ್ರಿಟಿಷರ ಕಾಲದಲ್ಲಿ ಬಂದರೂ ಆಡಳಿತ ಕೇಂದ್ರವೂ ಆಗಿದ್ದ ಊರು, ಈಗ ಸೇತುವೆ ದಾಟಿದರೆ ಮೌನ. ಕಯಾಕಿಂಗ್ ಮಾಡುವವರು ಇಲ್ಲಿಂದಲೂ ಹೊರಡುತ್ತಾರೆ. ಹತ್ತಿರದ ಉಳಿಯತ್ತುಕಡವಿನಲ್ಲಿ 1930ರ ಏಪ್ರಿಲಿನಲ್ಲಿ ಸ್ವಾತಂತ್ರ್ಯ ಹೋರಾಟಗಾರ ಕೆ. ಕೇಳಪ್ಪನ್ ಅವರ ತಂಡ ಕೋಝಿಕ್ಕೋಡಿನಿಂದ ನಡೆದು ಬಂದು ಉಪ್ಪು ತಯಾರಿಸಿತು. ಅದೇ ತಿಂಗಳು ನಮ್ಮ ಅಂಕೋಲೆಯಲ್ಲೂ ಉಪ್ಪಿನ ಸತ್ಯಾಗ್ರಹ ನಡೆದಿತ್ತು.

ಹೌಸ್‌ಬೋಟ್ ಬೇಕೇ ಬೇಕು ಅನ್ನುವವರು ನೀಲೇಶ್ವರದ ಕೋಟ್ಟಪ್ಪುರಂ ಕಡವಿಗೆ ಹೋಗಬೇಕು. ಹತ್ತು-ಹನ್ನೆರಡು ಮಂದಿ ಒಟ್ಟಾದರೆ ತಲೆಗೆ ಬೀಳುವ ಖರ್ಚು ಕಮ್ಮಿ, ಇಬ್ಬರಿಗೆ ದುಬಾರಿ. ಮಾತಾಡುವಾಗ ಊಟ ಸೇರಿದೆಯಾ, ಎಷ್ಟು ಗಂಟೆ ಓಡಿಸುತ್ತಾರೆ, ಎಷ್ಟು ಹೊತ್ತು ಸುಮ್ನೆ ಕಟ್ಟಿ ಹಾಕುತ್ತಾರೆ ಎಂದು ಕೇಳಿ. ಲೈಫ್ ಜಾಕೆಟ್ ಎಣಿಸಿ. ತಲೆಗಿಂತ ಒಂದು ಕಮ್ಮಿ ಇದ್ದರೂ ಹತ್ತಬೇಡಿ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಹೆಚ್ಚು ಜನ ತುಂಬಿಸಿ ಸಂಜೆ ಹೊರಟ ಬೋಟು ಮಗುಚಿ 22 ಮಂದಿ ಸತ್ತರು. “ಏನೂ ಆಗುವುದಿಲ್ಲ, ಹತ್ತಿ” ಎಂದರೆ ಇಳಿದು ಬನ್ನಿ.

8. ಸೇತುವೆ ದಾಟಿ, ಬಂದರು ನೋಡಿ, ವಾಪಸ್

ಎಲ್ಲರಿಗೂ ಸೂರ್ಯಾಸ್ತ ಬೇಕು. ಸೂರ್ಯ ಮುಳುಗುವವರೆಗೆ ಬೋಟು ಕಾಯುವುದಿಲ್ಲ. ಅದಕ್ಕೇ ಹೇಳಿದ್ದು, ಹೋಗುವಾಗ ಬೋಟು, ಬರುವಾಗ ಸೇತುವೆ. ಮಧ್ಯಾಹ್ನದ ಮೇಲೆ ದ್ವೀಪದ ಉತ್ತರಕ್ಕೆ, ಮಾವಿಲಾಕಡಪ್ಪುರಂ ಕಡೆಗೆ ಬನ್ನಿ. ಅಲ್ಲಿ ಓರಿಕ್ಕಡವು ಸೇತುವೆ ಉಂಟು. ಕಡಲಕರೆಯಲ್ಲಿ ಸೂರ್ಯ ಮುಳುಗಿದ ಮೇಲೂ ಆಟೋದಲ್ಲಿ ಸೇತುವೆ ದಾಟಿ ಚೆರುವತ್ತೂರಿಗೆ ಹೋಗಬಹುದು. ಆಟೋವನ್ನು ಮೊದಲೇ ಮಾತಾಡಿಟ್ಟುಕೊಳ್ಳಿ, ಕತ್ತಲಾದ ಮೇಲೆ ಹುಡುಕಬೇಡಿ.

ಹಳೆಯ ಬರಹಗಳಲ್ಲಿ ಮಡಕ್ಕಾಲ್ ತೂಗುಸೇತುವೆಯ ಚಂದದ ಫೋಟೋ ನೋಡಿ ಅದನ್ನು ಹುಡುಕಿಕೊಂಡು ಹೋಗುವವರು ಈಗಲೂ ಇದ್ದಾರೆ. ಅದು ಉದ್ಘಾಟನೆಯಾದ ಸ್ವಲ್ಪ ಸಮಯದಲ್ಲೇ, 2013ರಲ್ಲಿ, ಕುಸಿದು ಬಿದ್ದಿದೆ.

ಮಡಕ್ಕರ ಮೀನುಗಾರಿಕಾ ಬಂದರು ಚೆರುವತ್ತೂರಿನ ಹತ್ತಿರವೇ. ಸಂಜೆಗಿಂತ ಬೆಳಿಗ್ಗೆ ಚಂದ. ಹಿಂದಿನ ದಿನವೇ ಬಂದು ಉಳಿದವರು ಇದರಿಂದಲೇ ಶುರು ಮಾಡಿ. ಬೋಟು ಬಂದ ಕೂಡಲೇ ‘ಲೇಲಂ’ ಶುರುವಾಗುತ್ತದೆ, ನಮ್ಮ ಏಲಂ. ಹೆಸರುಗಳು ಬೇರೆ: ಮತ್ತಿ ಅಂದರೆ ಬೂತಾಯಿ, ಅಯಿಲ ಅಂದರೆ ಬಂಗುಡೆ, ಅಯ್ಕೂರ ಅಂದರೆ ಅಂಜಲ್, ಆವೋಲಿ ಅಂದರೆ ಮಾಂಜಿ, ಚೆಮ್ಮೀನ್ ಅಂದರೆ ಸಿಗಡಿ. ಏಲಂ ನಡೆಯುವಾಗ ನಡುವೆ ನಿಂತು ಕೈ ಎತ್ತಿ ಫೋಟೋ ತೆಗೆಯಬೇಡಿ, ಒಂದು ಬುಟ್ಟಿ ಮೀನು ನಿಮ್ಮ ತಲೆಗೆ ಬಿದ್ದೀತು. ನೆಲ ಜಾರುತ್ತದೆ, ರಬ್ಬರ್ ಚಪ್ಪಲಿ ಸಾಕು.

ಈ ಬಂದರಿನ ಬಳಿ ಕಡಲು ಸೇರುವುದು ಕಾರ್ಯಂಗೋಡು ಹೊಳೆ, ಕೊಡಗಿನ ಬೆಟ್ಟಗಳಿಂದ ಇಳಿದು ಬರುವ ತೇಜಸ್ವಿನಿ. ಮೇಲಕ್ಕೆ ಹೋದರೆ ಕಯ್ಯೂರು. ಬ್ರಿಟಿಷರ ಕಾಲದ ರೈತ ಹೋರಾಟದಲ್ಲಿ, 1943ರ ಮಾರ್ಚ್ 29ರಂದು ಗಲ್ಲಿಗೇರಿದ ನಾಲ್ವರು ರೈತರ ಊರು ಅದು. ಕನ್ನಡ ಓದುವವರಿಗೆ ಆ ಹೆಸರು ನಿರಂಜನರ ‘ಚಿರಸ್ಮರಣೆ’ ಕಾದಂಬರಿಯಿಂದಲೇ ಪರಿಚಯ. ಆದರೆ ಅದು ಇನ್ನೊಂದು ದಿನದ ಪಯಣ, ಇದರ ಜೊತೆ ಸೇರಿಸಬೇಡಿ.

ಚೆರುವತ್ತೂರಿನಲ್ಲಿ ಸಂಜೆಯ ರೈಲು ತಪ್ಪಿದರೆ ಸ್ಟೇಷನ್ನಿನಲ್ಲಿ ಕಾಯುವ ಬದಲು ಬಸ್ಸಿನಲ್ಲಿ ಹೊಸದುರ್ಗಕ್ಕೆ (ಸ್ಟೇಷನ್ನಿನ ಹೆಸರು ಕಾಞಂಗಾಡ್) ಬನ್ನಿ, ಅಲ್ಲಿ ನಿಲ್ಲುವ ರೈಲು ಹೆಚ್ಚು. ಪಚ್ಚಿಲೆ ತಂದಿದ್ದರೆ ಒದ್ದೆ ಗೋಣಿಯಲ್ಲಿ ಸುತ್ತಿ, ಅದರ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಹಾಕಿ, ಬಾಯಿ ಸಡಿಲ ಬಿಡಿ. ಬಿಗಿಯಾಗಿ ಕಟ್ಟಿದರೆ ಕುಂಬಳೆ ತಲುಪುವಾಗ ಅರ್ಧ ಸತ್ತಿರುತ್ತವೆ. ರೈಲಿನ ಸೀಟಿನಡಿ ಇಡುವವರು ಕೆಳಗೊಂದು ಪೇಪರ್ ಹಾಸಿ. ಎದುರು ಸೀಟಿನವರ ಕಾಲಿಗೆ ಆ ನೀರು ಹರಿದರೆ ಕಾಸರಗೋಡಿನವರೆಗೂ ನಿಮಗೆ ಬೈಗುಳ, ಅದೂ ಎರಡು ಭಾಷೆಯಲ್ಲಿ.